ನಿಂಬೆಯೆಲೆಯ ಮೇಲಿನ ರಂಗೋಲಿ

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ತಾರಸಿಯಲ್ಲೋ ಬಾಲ್ಕನಿಯಲ್ಲೋ ಒಂದು ನಿಂಬೆ ಅಥವಾ ಹೇರಳೆ ಗಿಡವಿರುವುದು ಸಾಮಾನ್ಯ. ಮಳೆ ಬಿದ್ದು ಗಿಡ ಚಿಗುರಿದಾಗ ಎಳೆಯ ಎಲೆಗಳ ಮೇಲೆ ಬೆಳ್ಳಿಬಣ್ಣದ ಅಂಕುಡೊಂಕು ಗೆರೆಗಳು ಮೂಡಿ, ಎಲೆಗಳು ಮುದುಡಿಕೊಳ್ಳುವುದನ್ನು ತಾವು ಗಮನಿಸಿರಬಹುದು. ಇದು ಒಂದು ಪುಟ್ಟ ಪತಂಗದ ಮರಿಹುಳುವಿನ ಕೆಲಸ. ಹೀಗೆ ಎಲೆಯೊಳಗೆ ಸುರಂಗ ಕೊರೆಯುವ ಕೀಟಗಳಿಗೆ ಕನ್ನಡದಲ್ಲಿ ‘ರಂಗೋಲಿ ಹುಳು’ ಎಂಬ ಸೊಗಸಾದ ಹೆಸರಿದೆ.

ನಿಂಬೆಯ ಜಾತಿಗೆ ಬರುವ ಈ ಪತಂಗದ ಶಾಸ್ತ್ರೀಯ ನಾಮ ಫಿಲೋಕ್ನಿಸ್ಟಿಸ್ ಸಿಟ್ರೆಲ್ಲ. ಇಂಗ್ಲೆಂಡಿನ ಕೀಟತಜ್ಞ ಹೆನ್ರಿ ಸ್ಟೇನ್‌ಟನ್ ಕಲ್ಕತ್ತೆಯ ಮಾದರಿಗಳ ಆಧಾರದಿಂದ 1856ರಲ್ಲಿ ಇದನ್ನು ಮೊದಲು ವರ್ಣಿಸಿದರು. ರೆಕ್ಕೆ ಬಿಚ್ಚಿದರೂ ಇದರ ಅಗಲ ಸುಮಾರು 8 ಮಿಲಿಮೀಟರ್ ಮೀರದು.

ಪತಂಗವು ಎಳೆಯ ಎಲೆಯ ಮೇಲೆ ಬಿಡಿಬಿಡಿಯಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಹುಳು ಎಲೆಯ ತೆಳುಪೊರೆಯ ಕೆಳಗೆ ನುಗ್ಗಿ, ಅಲ್ಲಿನ ಜೀವಕೋಶಗಳ ರಸ ಹೀರುತ್ತ ಸಾಗುತ್ತದೆ. ಬೆಳ್ಳಿಗೆರೆಯ ನಡುವೆ ಕಾಣುವ ಕಪ್ಪು ಎಳೆ ಅದರ ಹಿಕ್ಕೆ. ಕೊನೆಗೆ ಎಲೆಯ ಅಂಚನ್ನು ಮಡಚಿ ಅದರೊಳಗೆ ಕೋಶಾವಸ್ಥೆಗೆ ಹೋಗುತ್ತದೆ. ಬೆಚ್ಚನೆಯ ಹವೆಯಲ್ಲಿ ಈ ಜೀವನಚಕ್ರ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಬಲಿತ ಎಲೆಗಳಿಗೆ ಇದರ ಬಾಧೆಯಿಲ್ಲ.

ಗೆರೆ ಕಂಡೊಡನೆ ಕೀಟನಾಶಕ ಸಿಂಪಡಿಸುವ ಆತುರ ಸಹಜ. ಆದರೆ ಹುಳು ಪೊರೆಯ ಮರೆಯಲ್ಲಿರುವುದರಿಂದ ಮೇಲೆ ಬಿದ್ದ ಔಷಧ ಬಹುಪಾಲು ಅದಕ್ಕೆ ತಗಲುವುದಿಲ್ಲ. ಅದನ್ನು ಕೊಲ್ಲುವ ಸೂಕ್ಷ್ಮ ಕಣಜಗಳು ಮಾತ್ರ ಸಾಯುತ್ತವೆ. ಅಲ್ಲದೆ ಅದೇ ಗಿಡದ ಹಣ್ಣು ನಮ್ಮ ಪಾನಕಕ್ಕೂ ಚಿತ್ರಾನ್ನಕ್ಕೂ ಬರುತ್ತದೆ. ವೆಚ್ಚವೆಲ್ಲ ನಮ್ಮದು, ಲಾಭವೆಲ್ಲ ಹುಳುವಿನದು!

ಈ ಕಣಜಗಳ ಬೆಲೆಯನ್ನು ಅಮೆರಿಕದ ಫ್ಲಾರಿಡಾ ಅರಿತಿದೆ. 1993ರಲ್ಲಿ ಈ ಪತಂಗ ಅಲ್ಲಿ ಕಾಣಿಸಿಕೊಂಡು ಕಿತ್ತಳೆ ತೋಟಗಳಿಗೆಲ್ಲ ಬೇಗನೆ ಹಬ್ಬಿತು. ಮರುವರ್ಷವೇ ವಿಜ್ಞಾನಿಗಳು ಆಸ್ಟ್ರೇಲಿಯಾದಿಂದ ಪರಾವಲಂಬಿ ಕಣಜವೊಂದನ್ನು ತರಿಸಿ ಬಿಡುಗಡೆ ಮಾಡಿದರು. ನಮ್ಮ ನಾಡಿನಲ್ಲಿ ಇಂಥ ಕಣಜಗಳು ಮೊದಲಿನಿಂದಲೂ ಇವೆ. ಅವುಗಳನ್ನು ಉಳಿಸಿಕೊಂಡರೆ ಸಾಕು.

ಬೆಳೆದ ಗಿಡ ಈ ಬಾಧೆಯನ್ನು ತಾಳಿಕೊಳ್ಳುತ್ತದೆ. ಎಳೆಯ ಸಸಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸುರಂಗದ ಗಾಯಗಳ ಮೂಲಕ ಕಜ್ಜಿ ರೋಗದ ಬ್ಯಾಕ್ಟೀರಿಯಾ ಒಳನುಗ್ಗಬಹುದು. ಚಿಗುರು ಬರುವ ಕಾಲದಲ್ಲಿ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಿದರೆ ಪತಂಗ ಮೊಟ್ಟೆಯಿಡಲು ಹಿಂಜರಿಯುತ್ತದೆ. ಪದೇ ಪದೇ ಕೊಂಬೆ ಕತ್ತರಿಸುವುದು, ಸಾರಜನಕದ ಗೊಬ್ಬರ ಅತಿಯಾಗಿ ಹಾಕುವುದು ಬೇಡ. ಎರಡರಿಂದಲೂ ಎಳೆಚಿಗುರು ಹೆಚ್ಚಿ ಹುಳುವಿಗೆ ಔತಣವಾಗುತ್ತದೆ. ಗೆರೆ ಬಿದ್ದ ಎಲೆಯನ್ನೂ ಕೀಳಬೇಕಾಗಿಲ್ಲ. ಅದರ ಹಸಿರು ಭಾಗ ಗಿಡಕ್ಕೆ ಆಹಾರ ತಯಾರಿಸುತ್ತಲೇ ಇರುತ್ತದೆ.