ಹದಿನೆಂಟು ಎಂದರೆ ಎಷ್ಟು?

2023ರ ಆಗಸ್ಟ್ 13, ಭಾನುವಾರ. ಥಾಣೆಯ ಪಕ್ಕದ ಕಲ್ವಾದಿಂದ ಬಂದ ಸುದ್ದಿ ಇಡೀ ಮಹಾರಾಷ್ಟ್ರವನ್ನು ಬೆಚ್ಚಿಬೀಳಿಸಿತು. ಮಹಾನಗರಪಾಲಿಕೆ ನಡೆಸುವ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ 24 ಗಂಟೆಗಳೊಳಗೆ 18 ರೋಗಿಗಳು ತೀರಿಕೊಂಡಿದ್ದರು. ಹತ್ತು ಮಂದಿ ಹೆಂಗಸರು, ಎಂಟು ಮಂದಿ ಗಂಡಸರು. ಹನ್ನೆರಡು ಮಂದಿ ಐವತ್ತು ದಾಟಿದವರು. ಆರು ಮಂದಿ ಥಾಣೆ ನಗರದವರಾದರೆ ನಾಲ್ವರು ಕಲ್ಯಾಣದವರು, ಮೂವರು ಶಹಾಪುರದವರು. ಉಳಿದವರಲ್ಲಿ ಭಿವಂಡಿ, ಉಲ್ಲಾಸನಗರ, ಗೋವಂಡಿಯವರೂ ಇದ್ದರು. ಒಬ್ಬರ ಗುರುತೇ ಸಿಕ್ಕಿರಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದವರ ಊರೇ ಥಾಣೆ; ರಾಜಕೀಯದ ಕಾವು ಏರಿತು, ಸರಕಾರ ತನಿಖೆಗೆ ಸಮಿತಿ ನೇಮಿಸಿತು.

ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಹದಿನೆಂಟು ಎಂಬ ಅಂಕಿಯೊಂದರಿಂದಲೇ ಆ ಆಸ್ಪತ್ರೆ ಕೆಟ್ಟದ್ದು ಎಂದು ತೀರ್ಮಾನಿಸಲು ಬರುವುದಿಲ್ಲ, ಒಳ್ಳೆಯದು ಎಂದೂ ಹೇಳಲಾಗದು. ದಿನಕ್ಕೆ ಆರೇಳು ಸಾವು ಅಲ್ಲಿ ಸಾಮಾನ್ಯ ಎಂದು ಆಗಲೇ ವರದಿಯಾಗಿತ್ತು. ಹಾಗಾದರೆ ಅಂದು ಹೆಚ್ಚಿದ್ದೆಷ್ಟು? ಒಳಗೆ ಇದ್ದವರೆಷ್ಟು? ಬರುವಾಗ ಅವರ ಸ್ಥಿತಿ ಹೇಗಿತ್ತು? ಚಿಕಿತ್ಸೆಯ ಫಲಿತಾಂಶವನ್ನು ಅಳೆಯುವ ವಿಜ್ಞಾನ ಶುರುವಾಗುವುದೇ ಈ ಪ್ರಶ್ನೆಗಳಿಂದ.

ಕಲ್ವಾದ್ದು ಐನೂರು ಹಾಸಿಗೆಗಳ ಆಸ್ಪತ್ರೆ. ಥಾಣೆಯ ಸಿವಿಲ್ ಆಸ್ಪತ್ರೆಯ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಿದ್ದ ಆ ದಿನಗಳಲ್ಲಿ ಅಲ್ಲಿನ ಹೊರೆಯೂ ಇತ್ತ ಸರಿದಿತ್ತು. ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗಳಲ್ಲಿ ಕೈಮೀರಿದ ಕೇಸುಗಳು ಬರುವುದು ಕಲ್ವಾಕ್ಕೆ, ಇಲ್ಲವೇ ಮುಂಬಯಿಯ ಸಯನ್, ಕೆಇಎಂ ಆಸ್ಪತ್ರೆಗಳಿಗೆ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾಲ್ಕು ದಿನ ಐಸಿಯು ಬಿಲ್ಲು ಕಟ್ಟಿ ಸೋತ ಮನೆಯವರು ರೋಗಿಯನ್ನು ಕರೆತರುವುದೂ ಇಂಥ ಕಡೆಗೇ. ಮೊದಲ ನಾಲ್ಕು ದಿನ ನೋಡಿಕೊಂಡ ಆಸ್ಪತ್ರೆಯ ಪುಸ್ತಕದಲ್ಲಿ ಆತ ‘ವರ್ಗಾವಣೆ’. ಕಡೆಯ ನಾಲ್ಕು ಗಂಟೆ ನೋಡಿಕೊಂಡ ಆಸ್ಪತ್ರೆಯ ಪುಸ್ತಕದಲ್ಲಿ ‘ಸಾವು’. ವೈದ್ಯರ ಮಾತಿಗೆ ವಿರುದ್ಧವಾಗಿ ಸಹಿ ಹಾಕಿ ಮನೆಗೆ ಒಯ್ಯುವ ರೋಗಿಯನ್ನು ಆಸ್ಪತ್ರೆಗಳಲ್ಲಿ ‘ಡಾಮಾ’ ಎಂದು ಬರೆದುಕೊಳ್ಳುತ್ತಾರೆ. ಮರುದಿನ ಆತ ಮನೆಯಲ್ಲಿ ಸತ್ತರೆ ಆ ಸಾವು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸೇರುವುದಿಲ್ಲ. ‘ನಮ್ಮಲ್ಲಿ ಸಾವೇ ಇಲ್ಲ’ ಎಂದು ಹೇಳಿಕೊಳ್ಳುವ ಆಸ್ಪತ್ರೆಯನ್ನು ನಾನಂತೂ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಸಾವಿನ ಲೆಕ್ಕದ ಈ ಎಡವಟ್ಟು ಹಳೆಯದು. ಆಸ್ಪತ್ರೆಗಳ ಅಂಕಿ ಅಂಶಕ್ಕೆ ಶಾಸ್ತ್ರದ ರೂಪ ಕೊಡಲು ಹೊರಟ ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿ ತಮ್ಮ ಪುಸ್ತಕದಲ್ಲಿ ಒಂದು ಕೋಷ್ಟಕ ಅಚ್ಚು ಹಾಕಿಸಿದರು. ಅದರಂತೆ ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇ. 90.84! ಓದಿದವರು ಹೌಹಾರಿದರು. ಆ ಲೆಕ್ಕದಲ್ಲಿ ಮೇಲಿದ್ದದ್ದು ಇಡೀ ವರ್ಷದ 3,828 ಸಾವು. ಕೆಳಗಿದ್ದದ್ದು ಒಂದೇ ಒಂದು ದಿನ ಹಾಸಿಗೆಯಲ್ಲಿದ್ದ 4,214 ರೋಗಿಗಳು. ವರ್ಷವಿಡೀ ಬಂದುಹೋದವರನ್ನೆಲ್ಲ ಕೆಳಗಿಟ್ಟು ಭಾಗಿಸಿದ್ದರೆ ಉತ್ತರ ಇದಕ್ಕಿಂತ ಎಷ್ಟೋ ಕಡಿಮೆ ಬರುತ್ತಿತ್ತು. ವೈದ್ಯರ ಪತ್ರಿಕೆಗಳು ಇದನ್ನೇ ಹಿಡಿದು ಜಗ್ಗಾಡಿದವು. ಅಷ್ಟಾದರೂ ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಇಡಬೇಕೆಂದು ಹಟ ಹಿಡಿದ ಆಕೆಯ ಋಣ ಇಂದಿಗೂ ತೀರಿಲ್ಲ.

ಭಾಗಿಸುವ ಸಂಖ್ಯೆ ಸರಿಯಾದರೂ ಮುಗಿಯಲಿಲ್ಲ. ಬಂದವರು ಯಾರು, ಅವರಿಗೆ ಸಿಕ್ಕಿದ್ದೇನು ಎಂಬುದು ಉಳಿಯುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಿಂದ ಹೃದಯಾಘಾತದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿದರು. ‘ಕ್ರಿಯೇಟ್’ ಎಂಬ ಹೆಸರಿನ ಆ ಅಧ್ಯಯನ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೂವತ್ತು ದಿನಗಳೊಳಗೆ ಸತ್ತವರು ಬಡವರಲ್ಲಿ ಶೇ. 8.2, ಅನುಕೂಲಸ್ಥರಲ್ಲಿ ಶೇ. 5.5. ಬಡವರ ಹೃದಯವೇ ದುರ್ಬಲವೆ? ಅಲ್ಲ. ಆಂಜಿಯೋಪ್ಲಾಸ್ಟಿ ಆದದ್ದು ಅನುಕೂಲಸ್ಥರಲ್ಲಿ ಶೇ. 15.3 ಮಂದಿಗೆ, ಬಡವರಲ್ಲಿ ಶೇ. 2ಕ್ಕೆ. ಕೊಲೆಸ್ಟರಾಲ್ ಇಳಿಸುವ ಮಾತ್ರೆಯಂಥ ಸಾದಾ ಔಷಧದಲ್ಲೂ ಶೇ. 61 ಮತ್ತು ಶೇ. 36ರ ಅಂತರ. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಿಂದ ಸರಿದೂಗಿಸಿ ನೋಡಿದಾಗ ಸಾವಿನ ಅಂತರವೂ ಕರಗಿಹೋಯಿತು. ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಕಿ ಇನ್ನೊಂದಿದೆ: ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಅವಧಿ 360 ನಿಮಿಷ. ಆರು ತಾಸು! ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಎರಡು ಸಲ ಹೋಗಿಬಂದರೂ ಸಮಯ ಉಳಿಯುತ್ತದೆ.

‘ಫಲಿತಾಂಶ’ ಎಂಬುದು ಒಂದೊಂದು ವಿಭಾಗದಲ್ಲಿ ಒಂದೊಂದು. ಹೃದಯದವರು ಮೂವತ್ತು ದಿನ ಎಣಿಸುತ್ತಾರೆ, ಕ್ಯಾನ್ಸರಿನವರು ಐದು ವರ್ಷ, ನವಜಾತ ಶಿಶುಗಳ ವೈದ್ಯರು 28 ದಿನ. ಕ್ಷಯಕ್ಕೆ ಕಫದ ಪರೀಕ್ಷೆ ಇದೆ. ಮೂಳೆ ವಿಭಾಗದಲ್ಲಿ ಸಾವು ಅಪರೂಪ, ಎಕ್ಸ್-ರೇ ಚೆನ್ನಾಗಿ ಕಂಡ ಮಾತ್ರಕ್ಕೆ ಮಂಡಿ ಚಿಪ್ಪು ಬದಲಾಯಿಸಿಕೊಂಡವರಿಗೆ ಸಮಾಧಾನವೂ ಇಲ್ಲ. ಸ್ಟೇಷನ್ನಿನ ಪಾದಚಾರಿ ಸೇತುವೆ ಹತ್ತಲಾಗುತ್ತದೆಯೇ, ದೇವರ ಮುಂದೆ ನೆಲದ ಮೇಲೆ ಕೂರಲಾಗುತ್ತದೆಯೇ ಎಂಬುದೇ ಅವರ ಪರೀಕ್ಷೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕುವುದನ್ನು ಕೇಳದ ವಿದೇಶಿ ಪ್ರಶ್ನಾವಳಿ ನಮ್ಮ ಅಜ್ಜಿಯರಿಗೆ ಎಷ್ಟು ಅಂಕ ಕೊಟ್ಟರೇನು?

ಇನ್ನು ಚಿಕಿತ್ಸೆಗಳ ಹೋಲಿಕೆಗೆ ಬರೋಣ. ಇದರಲ್ಲಿ ಮುಂಬಯಿ ಸೀಮೆ ಜಗತ್ತಿಗೇ ಪಾಠ ಹೇಳಿದೆ. ಪರೇಲಿನ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಅಂಗ ‘ಆಕ್ಟ್ರೆಕ್’ ಇರುವುದು ನವಿಮುಂಬಯಿಯ ಖಾರ್‌ಘರ್‌ನಲ್ಲಿ, ಅರುವತ್ತು ಎಕರೆಯ ಆವರಣದಲ್ಲಿ. ಟಾಟಾ ಕೇಂದ್ರದ ಅಧ್ಯಯನಗಳಲ್ಲಿ ಒಂದನ್ನು ಕೊಂಚ ಹತ್ತಿರದಿಂದ ನೋಡಬೇಕು.

ತಂಬಾಕು, ಗುಟ್ಕಾ ಹಾಕುವವರಿಗೆ ಬರುವ ಬಾಯಿ ಕ್ಯಾನ್ಸರು ನಮ್ಮಲ್ಲಿ ಮನೆಮಾತು. ನಾಲಿಗೆಯ ಅಂಚಿನಲ್ಲೊಂದು ಸಣ್ಣ ಹುಣ್ಣು. ಕುತ್ತಿಗೆ ಮುಟ್ಟಿ ನೋಡಿದರೆ ಗಂಟು ಸಿಗುವುದಿಲ್ಲ. ಹುಣ್ಣನ್ನೇನೋ ಕತ್ತರಿಸಿ ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ಅದೇ ಆಪರೇಷನ್ನಿನಲ್ಲಿ ತೆಗೆದುಬಿಡಬೇಕೆ, ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೆ? ಶಸ್ತ್ರವೈದ್ಯರು ಈ ಬಗ್ಗೆ ದಶಕಗಟ್ಟಲೆ ಜಗಳಾಡಿದ್ದರು. ಮೊದಲೇ ತೆಗೆದರೆ ಬಹುಮಂದಿಗೆ ಬೇಡದ ಗಾಯ, ಭುಜದ ನೋವು. ಕಾದರೆ ಕೆಲವರಿಗೆ ಕೈ ತಪ್ಪಿದ ಅವಕಾಶ. ಎರಡೂ ಕಡೆಯವರಲ್ಲಿ ಅನುಭವ ಇತ್ತು, ಪುರಾವೆ ಇರಲಿಲ್ಲ.

ಅನಿಲ್ ಡಿ’ಕ್ರೂಜ್ ಅವರ ತಂಡ 2004ರಲ್ಲಿ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸತೊಡಗಿತು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ. ಅದು ಚೀಟಿ ಎತ್ತಿದ ಹಾಗೆ. ಗುಟ್ಟು ಇರುವುದೇ ಇಲ್ಲಿ. ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರು ಒಂದು ಕಡೆ, ಸೊರಗಿದವರು ಇನ್ನೊಂದು ಕಡೆ ಸೇರಿಬಿಡುತ್ತಾರೆ. ಆಮೇಲೆ ಕಂಡ ವ್ಯತ್ಯಾಸ ಚಿಕಿತ್ಸೆಯದೋ ದೇಹದ್ದೋ ತಿಳಿಯದು. ಲೆಕ್ಕಕ್ಕೆ ಸಿಕ್ಕ 500 ಮಂದಿಯಲ್ಲಿ, ಮೂರು ವರ್ಷದ ಕೊನೆಗೆ ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಶೇ. 80 ಮಂದಿ ಬದುಕಿದ್ದರು, ಕಾದು ನೋಡಿದ ಗುಂಪಿನಲ್ಲಿ ಶೇ. 67.5. ಅಂದರೆ ಎಂಟು ಮಂದಿಗೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿದರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತದೆ. 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಇದನ್ನು ಪ್ರಕಟಿಸಿದ ಮೇಲೆ ಹೊರದೇಶಗಳಲ್ಲೂ ಪದ್ಧತಿ ಬದಲಾಯಿತು.

ಅದೇ ಕೇಂದ್ರದ ರಾಜೇಂದ್ರ ಬಡ್ವೆ ಅವರ ಸ್ತನ ಕ್ಯಾನ್ಸರ್ ಅಧ್ಯಯನ ಇನ್ನೂ ಸೋಜಿಗದ್ದು. ಗಡ್ಡೆ ತೆಗೆಯುವ ಕೆಲವೇ ನಿಮಿಷ ಮೊದಲು ಅದರ ಸುತ್ತ ಲಿಗ್ನೋಕೇನ್ ಚುಚ್ಚುವುದು, ಅಷ್ಟೇ. ಹಲ್ಲು ಕೀಳುವಾಗ ಕೊಡುವ ಅದೇ ಅಗ್ಗದ ಮದ್ದು. ದೇಶದ 11 ಕೇಂದ್ರಗಳ ಸುಮಾರು 1,600 ಹೆಂಗಸರಲ್ಲಿ ಐದು ವರ್ಷ ಬದುಕಿದವರ ಪ್ರಮಾಣ ಶೇ. 86.4ರಿಂದ ಶೇ. 90.1ಕ್ಕೆ ಏರಿತು. ಲಾಭ ಇಲ್ಲದ ಮದ್ದಿನ ಪರೀಕ್ಷೆಗೆ ಯಾವ ಕಂಪನಿಯೂ ಹಣ ಹಾಕುವುದಿಲ್ಲ. ಇಂಥದ್ದನ್ನು ಸಾರ್ವಜನಿಕ ಸಂಸ್ಥೆಯೇ ಮಾಡಬೇಕು. ನಿವೊಲುಮ್ಯಾಬ್ ಎಂಬ ದುಬಾರಿ ಮದ್ದನ್ನು ರೂಢಿಯ 240 ಮಿಲಿಗ್ರಾಂ ಬದಲು ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದ್ದೂ ಟಾಟಾ ಕೇಂದ್ರದವರೇ. ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳಲ್ಲಿ, ಮಾತ್ರೆಗಳ ಚಿಕಿತ್ಸೆಗೆ ಅದನ್ನು ಸೇರಿಸಿದಾಗ ಒಂದು ವರ್ಷ ಬದುಕಿದವರು ಶೇ. 16.3ರಿಂದ ಶೇ. 43.4ಕ್ಕೆ ಏರಿದರು.

ಖಾರ್‌ಘರ್‌ನ ಹೆಸರು ಈಚೆಗೆ ಹೆಚ್ಚು ಕೇಳಿಬಂದದ್ದು ‘ನೆಕ್ಸ್‌ಕಾರ್19’ನಿಂದ. ರೋಗಿಯದೇ ಬಿಳಿರಕ್ತಕಣಗಳನ್ನು ತೆಗೆದು, ಕ್ಯಾನ್ಸರ್ ಕಣ ಗುರುತಿಸುವಂತೆ ಮಾರ್ಪಡಿಸಿ ಮರಳಿ ದೇಹಕ್ಕೆ ಹರಿಸುವ ಚಿಕಿತ್ಸೆ ಇದು. ಮುಂಬಯಿ ಐಐಟಿ ಮತ್ತು ಟಾಟಾ ಕೇಂದ್ರ ಕೂಡಿ ರೂಪಿಸಿದ್ದು. 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೇರೆ ದಾರಿ ಮುಗಿದ ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಶೇ. 73 ಮಂದಿಗೆ ರೋಗ ತಗ್ಗಿತು. ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಈ ಅಧ್ಯಯನದಲ್ಲಿ ಹೋಲಿಕೆಯ ಎರಡನೇ ಗುಂಪು ಇಲ್ಲ. ರೋಗ ತಗ್ಗುವುದು ಬೇರೆ, ಐದು ವರ್ಷ ಬದುಕುವುದು ಬೇರೆ. ಪತ್ರಿಕೆಗಳ ತಲೆಬರಹ ಈ ಅಂತರವನ್ನು ನುಂಗಿಬಿಡುತ್ತದೆ.

ಹೋಲಿಕೆಗೆ ನೈತಿಕ ಬೆಲೆಯೂ ಇದೆ. ಮುಂಬಯಿಯ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರಲ್ಲಿ 1998ರಿಂದ ನಡೆದ ಅಧ್ಯಯನವೊಂದು, ಆರೋಗ್ಯ ಕಾರ್ಯಕರ್ತೆಯರು ವಿನಿಗರ್ ಹಚ್ಚಿ ನೋಡುವ ಸರಳ ತಪಾಸಣೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವು ಶೇ. 31 ತಗ್ಗುತ್ತದೆಂದು ತೋರಿಸಿತು. ತಪಾಸಣೆ ಸಿಗದೆ, ಬರೀ ತಿಳಿವಳಿಕೆಯ ಮಾತು ಕೇಳಿದ ಗುಂಪಿನ ಹೆಂಗಸರ ಗತಿಯೇನು ಎಂಬ ಪ್ರಶ್ನೆ ಗಟ್ಟಿಯಾಗಿಯೇ ಎದ್ದಿತು. ಏಳಬೇಕಾದದ್ದೇ. ಇಂದು 2019ರ ನಿಯಮಗಳಂತೆ ಹೊಸ ಮದ್ದಿನ ಪರೀಕ್ಷೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ರಾಷ್ಟ್ರೀಯ ನೋಂದಣಿ ಪಟ್ಟಿ ‘ಸಿಟಿಆರ್‌ಐ’ಯಲ್ಲಿ ಮೊದಲೇ ದಾಖಲಾಗಬೇಕು, ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಮಗನ ಮನೆಗೆಂದು ಕುಂದಾಪುರದಿಂದ ಡೊಂಬಿವಲಿಗೆ ಬಂದ ತಾಯಿಯ ಮುಂದೆ ಮರಾಠಿ ಕಾಗದ ಹಿಡಿದರೆ, ಮಗ ‘ಸಹಿ ಹಾಕಮ್ಮ, ಎಲ್ಲ ಸರಿಯಿದೆ’ ಎಂದುಬಿಟ್ಟರೆ, ಅದು ಒಪ್ಪಿಗೆಯಾಗುವುದಿಲ್ಲ. ಕನ್ನಡದ ಪ್ರತಿ ಕೇಳುವುದು ಅವರ ಹಕ್ಕು. ನಡುವೆ ಬಿಟ್ಟು ಹೊರಡುವುದೂ ಹಕ್ಕೇ. ಅದರಿಂದ ಮಾಮೂಲಿ ಚಿಕಿತ್ಸೆಗೆ ಕುಂದು ಬರಬಾರದು.

ಇಷ್ಟೆಲ್ಲ ಸರಿಯಾಗಿ ನಡೆದರೂ ಲೆಕ್ಕ ಕೆಡುವುದು ಕೊನೆಗೆ, ಫಾಲೋ-ಅಪ್‌ನಲ್ಲಿ. ನೂರು ಮಂದಿಗೆ ಆಪರೇಷನ್ ಆಯಿತೆನ್ನಿ. ಐದು ವರ್ಷದ ಮೇಲೆ 60 ಮಂದಿ ಬದುಕಿದ್ದಾರೆ, 15 ಮಂದಿ ಸತ್ತಿದ್ದಾರೆ, 25 ಮಂದಿ ಎಲ್ಲಿದ್ದಾರೋ ತಿಳಿಯದು. ಆಗ ಉತ್ತರ 60 ಇರಬಹುದು, 85ರವರೆಗೂ ಇರಬಹುದು. ಇಷ್ಟು ಅಗಲದ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಈ ಕಾಣೆಯಾದವರಲ್ಲಿ ನಮ್ಮ ಕನ್ನಡಿಗರೂ ಇರುತ್ತಾರೆ. ಥಾಣೆಯಲ್ಲೋ ವಾಶಿಯಲ್ಲೋ ಮಕ್ಕಳ ಮನೆಯಲ್ಲಿದ್ದು ಚಿಕಿತ್ಸೆ ಮುಗಿಸಿ ಉಡುಪಿಗೋ ಕಲಬುರಗಿಗೋ ಮರಳಿದವರು, ಬಾಡಿಗೆ ಮನೆ ಬದಲಿಸಿದವರು, ಸಿಮ್ ಬದಲಿಸಿದವರು. ಗುಣವಾಯಿತಲ್ಲ, ಇನ್ನೇಕೆ ರಜೆ ಹಾಕಿ ಅಲೆಯುವುದು ಎಂದು ಬಿಟ್ಟವರೂ ಉಂಟು.

ಹಾಗಾಗಿ ಇದನ್ನು ಓದುವವರಲ್ಲಿ ಕೇಳಿಕೊಳ್ಳುವುದಿಷ್ಟು. ಕೇಸ್ ಪೇಪರು, ಡಿಸ್ಚಾರ್ಜ್ ಕಾರ್ಡು ಎಸೆಯಬೇಡಿ. ಆಸ್ಪತ್ರೆಯಲ್ಲಿ ನಿಮ್ಮ ನಂಬರಿನ ಜೊತೆ ಊರಿನ ಇನ್ನೊಬ್ಬರ ನಂಬರನ್ನೂ ಬರೆಸಿ. ವರ್ಷಗಳ ಮೇಲೆ ಅಲ್ಲಿಂದ ಫೋನ್ ಬಂದರೆ ರೋಗಿ ಹೇಗಿದ್ದಾರೆಂದು ಎರಡು ಮಾತು ಹೇಳಿ. ತೀರಿಕೊಂಡಿದ್ದರೆ, ಕಷ್ಟವಾದರೂ, ತಾರೀಖು ಸಮೇತ ತಿಳಿಸಿ.