ಪಾತಾಳದಿಂದ ಬರುವ ಕೆಸರು

ಜ್ವಾಲಾಮುಖಿ ಎಂದೊಡನೆ ಕೆಂಡದಂತಹ ಲಾವಾ ನಿಮ್ಮ ಕಣ್ಮುಂದೆ ಬರುತ್ತದೆ, ಅಲ್ಲವೆ? ಲಾವಾದ ಬದಲು ಕೆಸರನ್ನು ಉಗುಳುವ ಜ್ವಾಲಾಮುಖಿಗಳೂ ಉಂಟು. ಅಂಡಮಾನಿನ ಬಾರಾತಾಂಗ್ ದ್ವೀಪದಲ್ಲಿ ಅಂತಹ ಪುಟ್ಟ ದಿಬ್ಬಗಳಿವೆ. ಆದರೆ ಶಾಂತಸಾಗರದ ತಳದಲ್ಲಿ, ಮರಿಯಾನಾ ದ್ವೀಪಗಳ ಪೂರ್ವಕ್ಕೆ ಇರುವ ಕೆಸರಿನ ಪರ್ವತಗಳ ಮುಂದೆ ಅವು ಏನೂ ಅಲ್ಲ. ಇಲ್ಲಿ ಕೆಲವು ಸುಮಾರು 50 ಕಿಲೋಮೀಟರ್ ಅಗಲ, 2 ಕಿಲೋಮೀಟರ್ ಎತ್ತರ ಇವೆ.

ಈ ಕೆಸರು ಹುಟ್ಟುವ ಬಗೆಯೇ ಬೇರೆ. ಇಲ್ಲಿ ಪೆಸಿಫಿಕ್ ಭೂಫಲಕವು ಫಿಲಿಪೈನ್ ಸಮುದ್ರ ಫಲಕದ ಅಡಿಗೆ ಜಾರುತ್ತಿದೆ. ಫಲಕ ಬಾಗಿ ಇಳಿಯುವ ತಾಣವೇ ಪ್ರಸಿದ್ಧವಾದ ಮರಿಯಾನಾ ಕಂದಕ. ಇಳಿಯುವ ಫಲಕ ತನ್ನೊಡನೆ ನೀರನ್ನೂ ಒಯ್ಯುತ್ತದೆ. ಆಳದ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿದ ಆ ನೀರು, ಒದ್ದೆ ಬಟ್ಟೆ ಹಿಂಡಿದಂತೆ ಹೊರಬಂದು ಮೇಲಿನ ಶಿಲೆಯನ್ನು ಸೇರುತ್ತದೆ. ನೀರು ಕುಡಿದ ಆ ಶಿಲೆ ಹಸಿರು ಬಣ್ಣದ, ಹಗುರವಾದ ಸರ್ಪೆಂಟೀನ್ ಆಗುತ್ತದೆ. ಬಿರುಕುಗಳಲ್ಲಿ ಅರೆದು ನುಣ್ಣಗಾಗಿ ಮೇಲೇರುತ್ತದೆ.

ಇದನ್ನು ಅಭ್ಯಾಸ ಮಾಡುವುದೇಕೆ? 2004ರ ಸುನಾಮಿಯನ್ನು ನೆನಪಿಸಿಕೊಳ್ಳಿ. ಸುಮಾತ್ರಾ ಬಳಿ ಹೀಗೆಯೇ ಒಂದರಡಿಗೆ ಒಂದು ಜಾರುವ ಫಲಕಗಳ ಸಂಧಿಯಲ್ಲಿ ಆ ಭೂಕಂಪ ಹುಟ್ಟಿತು. ಸಂಧಿ ಎಲ್ಲಿ ಬಿಗಿಯಾಗಿ ಹಿಡಿದಿರುತ್ತದೆ, ಎಲ್ಲಿ ಸಲೀಸಾಗಿ ಜಾರುತ್ತದೆ ಎಂಬುದರಲ್ಲಿ ಅಲ್ಲಿನ ನೀರಿನ ಪಾತ್ರ ದೊಡ್ಡದು. ಅದನ್ನು ಕಣ್ಣಾರೆ ನೋಡೋಣವೆಂದರೆ, ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, 12,262 ಮೀಟರ್ ಮಾತ್ರ. ಅದೂ ನೆಲದ ಮೇಲೆ! ಮರಿಯಾನಾದ ಕೆಸರು ಪರ್ವತಗಳ ಕೆಳಗೆ ಜಾರುವ ಫಲಕ ಇರುವುದು 13ರಿಂದ 19 ಕಿಲೋಮೀಟರ್ ಆಳದಲ್ಲಿ. ನಾವು ಹೋಗಲಾರದ ಕಡೆಯಿಂದ ಕೆಸರೇ ಮಾದರಿ ತರುತ್ತದೆ.

1989ರಲ್ಲಿ, ಬಳಿಕ 2001 ಹಾಗೂ 2016-17ರಲ್ಲಿ 'ಜಾಯ್ಡಿಸ್ ರೆಸಲ್ಯೂಷನ್' ಎಂಬ ಹಡಗಿನಿಂದ ಇವುಗಳನ್ನು ಕೊರೆದು ನೋಡಲಾಯಿತು. ಕೆಲವೆಡೆ ಕೆಸರಿನೊಳಗಿನ ನೀರು ಸುಣ್ಣದ ತಿಳಿಯಷ್ಟೇ ಕ್ಷಾರ, ಪಿಎಚ್ 12.5ರ ಆಸುಪಾಸು. (ಅದರಲ್ಲೂ ಸೂಕ್ಷ್ಮಜೀವಿಗಳು ಬದುಕಿವೆ!) ಕಂದಕದಿಂದ ದೂರ ಸರಿದಂತೆ ಈ ನೀರಿನಲ್ಲಿ ಕ್ಯಾಲ್ಸಿಯಂ ಇಳಿದು ಸೋಡಿಯಂ, ಬೋರಾನ್ ಏರುತ್ತವೆ. ಫಲಕ ಆಳಕ್ಕಿಳಿದು ಬಿಸಿಯಾದಂತೆ ಯಾವ ಖನಿಜ ಯಾವಾಗ ನೀರು ಬಿಡುತ್ತದೆಂಬ ಲೆಕ್ಕ ಇದರಿಂದ ಸಿಗುತ್ತದೆ.

ಇನ್ನೂ ಸೋಜಿಗದ್ದು ಕೆಸರಿನೊಳಗಿನ ಕಲ್ಲುಚೂರುಗಳು. ಆಳವಿಲ್ಲದ ಸಮುದ್ರದಲ್ಲಿ ರೂಪುಗೊಂಡ ಸುಣ್ಣಕಲ್ಲು ಅದರಲ್ಲಿ ಸಿಕ್ಕಿದೆ. ಮುಳುಗಿದ ಜ್ವಾಲಾಮುಖಿಯೊಂದರ ನೆತ್ತಿಯ ಮೇಲಿದ್ದ ಅದು ಫಲಕದೊಡನೆ ಪಾತಾಳಕ್ಕಿಳಿದು, ಕೆಸರಿನ ಬೆನ್ನೇರಿ ಮರಳಿ ಬಂದಿದೆ. ಮುಂದೆ ಉಪಕರಣಗಳನ್ನು ಇಳಿಬಿಡಲೆಂದು, ಕೊರೆದ ಕೆಲವು ರಂಧ್ರಗಳಿಗೆ ಉಕ್ಕಿನ ಕೊಳವೆ ತೊಡಿಸಿ ಬರಲಾಗಿದೆ.