ಮೀನು ಮಾರುಕಟ್ಟೆ ಪಕ್ಕ ಕೂತ ಬಿಳಿ ಬಟ್ಟೆಯ ತಾಯಂದಿರು

"ಉಸ್ತಾದ್, ಸುಮ್ಮನೆ ಕೂತರೆ ಯುದ್ಧ ನಿಲ್ತದಾ?" ಮದ್ರಸದ ದೊಡ್ಡ ತರಗತಿಯ ಹುಡುಗನೊಬ್ಬ ಕೇಳಿದ್ದ. ಅವನಿಗೆ ನಾವು ಹೇಳಿದ್ದು ಲೈಬೀರಿಯಾದ ಹೆಂಗಸರ ಕಥೆ.

ಪಶ್ಚಿಮ ಆಫ್ರಿಕಾದ ಈ ಪುಟ್ಟ ದೇಶದಲ್ಲಿ 1989ರ ಕೊನೆಗೆ ಅಂತರ್ಯುದ್ಧ ಶುರುವಾಯಿತು. ಬಂಡುಕೋರನಾಗಿದ್ದ ಚಾರ್ಲ್ಸ್ ಟೇಲರ್ 1997ರಲ್ಲಿ ಅಧ್ಯಕ್ಷನಾದ. ಎರಡೇ ವರ್ಷದಲ್ಲಿ ಅವನ ವಿರುದ್ಧ ಬೇರೆ ಬಂಡುಕೋರರು ಎದ್ದರು. ಎರಡೂ ಯುದ್ಧ ಸೇರಿ ಸತ್ತವರು ಸುಮಾರು ಎರಡೂವರೆ ಲಕ್ಷ ಎಂಬ ಅಂದಾಜಿದೆ. ಪುಟ್ಟ ಮಕ್ಕಳ ಕೈಗೂ ಬಂದೂಕು ಕೊಟ್ಟಿದ್ದರು.

ಲೇಮಾ ಬೋವಿ ಎಂಬ ಕ್ರೈಸ್ತ ಸಮಾಜ ಸೇವಕಿ ಚರ್ಚಿನಲ್ಲಿ ಶಾಂತಿಗಾಗಿ ಹೆಂಗಸರ ಸಭೆ ಸೇರಿಸಿದ್ದರು. ಅಲ್ಲಿದ್ದ ಒಬ್ಬರೇ ಮುಸ್ಲಿಂ ಮಹಿಳೆ, ಪೊಲೀಸ್ ಇಲಾಖೆಯ ಅಸಾತು ಬಾ ಕೆನೆತ್, ಎದ್ದು ನಿಂತು ನಮ್ಮ ಹೆಂಗಸರನ್ನೂ ಕರೆತರುತ್ತೇನೆ ಎಂದರು. ಮುಸ್ಲಿಮರ ಜೊತೆ ಸೇರಲು ಕೆಲವು ಕ್ರೈಸ್ತ ಹೆಂಗಸರಿಗೆ ಮನಸ್ಸಿರಲಿಲ್ಲ. ಗುಂಡಿಗೆ ಕ್ರೈಸ್ತರು ಯಾರು, ಮುಸ್ಲಿಮರು ಯಾರು ಅಂತ ಗೊತ್ತಾಗ್ತದಾ ಎಂಬ ಪ್ರಶ್ನೆಯ ಮುಂದೆ ಆ ಮಾತು ನಿಲ್ಲಲಿಲ್ಲ. ಶುಕ್ರವಾರ ಮಸೀದಿ, ಶನಿವಾರ ಸಂತೆ, ಭಾನುವಾರ ಚರ್ಚ್ ಅಂತ ತಿರುಗಿ ಕರಪತ್ರ ಹಂಚಿದರು. ಓದು ಬಾರದವರಿಗೆ ಚಿತ್ರ ಬರೆದು ತೋರಿಸಿದರು.

2003ರ ಏಪ್ರಿಲ್‌ನಲ್ಲಿ ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಪಕ್ಕದ ಮೈದಾನದಲ್ಲಿ ಬಂದು ಕೂತರು. ಎಲ್ಲರದ್ದೂ ಬಿಳಿ ಬಟ್ಟೆ. ಚಿನ್ನವಿಲ್ಲ, ಅಲಂಕಾರವಿಲ್ಲ. ನಮ್ಮ ಧಕ್ಕೆಯ ಬದಿಯಲ್ಲಿ ಹಾಗೆ ಕೂತರೆ ಹೇಗಿರುತ್ತದೆ ಎಂದು ಒಮ್ಮೆ ಯೋಚಿಸಿ. ಆ ಜಾಗವನ್ನೇ ಹಿಡಿದದ್ದಕ್ಕೆ ಕಾರಣವಿತ್ತು: ಟೇಲರನ ವಾಹನಗಳು ಹೋಗುವುದು ಅದೇ ರಸ್ತೆಯಲ್ಲಿ. ಅವನು ಇವರನ್ನು ನೋಡದೆ ಹೋಗುವಂತಿರಲಿಲ್ಲ. ಬಿಸಿಲಿಗೂ ಏಳಲಿಲ್ಲ, ಮಳೆಗೂ ಏಳಲಿಲ್ಲ. ಕಡೆಗೆ ಏಪ್ರಿಲ್ 23ರಂದು ಟೇಲರ್ ಅವರನ್ನು ಕರೆಸಿ ಮಾತು ಕೇಳಿದ, ಸಂಧಾನಕ್ಕೂ ಒಪ್ಪಿದ. ಬಂಡುಕೋರರನ್ನೂ ಹೆಂಗಸರೇ ಒತ್ತಾಯಿಸಿ ಒಪ್ಪಿಸಿದರು.

ಜೂನ್‌ನಲ್ಲಿ ಘಾನಾ ದೇಶದಲ್ಲಿ ಮಾತುಕತೆ ಶುರುವಾಯಿತು. ಬಂಡುಕೋರ ನಾಯಕರು ಒಳ್ಳೆಯ ಹೋಟೆಲಿನಲ್ಲಿ ಉಂಡು ಮಲಗಿ, ಯಾರಿಗೆ ಯಾವ ಹುದ್ದೆ ಅಂತ ಚೌಕಾಸಿ ಮಾಡುತ್ತಾ ವಾರಗಟ್ಟಲೆ ಕಳೆದರು. ಅತ್ತ ಮನ್ರೋವಿಯಾದಲ್ಲಿ ಶೆಲ್ ಬಿದ್ದು ಜನ ಸಾಯುತ್ತಿದ್ದರು. ಜುಲೈ 21ರಂದು ಸುಮಾರು 200 ಹೆಂಗಸರು ಸಭಾಂಗಣದ ಬಾಗಿಲಲ್ಲಿ ಕೈಗೆ ಕೈ ಕೊಂಡಿ ಹಾಕಿ ಕೂತರು. ಒಪ್ಪಂದ ಆಗದೆ ಯಾರೂ ಹೊರಗೆ ಬರುವಂತಿಲ್ಲ, ಊಟಕ್ಕೂ ಇಲ್ಲ!

ಬಂಧಿಸಲು ಕಾವಲಿನವರು ಬಂದಾಗ ಬೋವಿ ತಮ್ಮ ಬಟ್ಟೆ ಬಿಚ್ಚಲು ಮುಂದಾದರು. ಇದನ್ನು ಬರೆಯಲು ನಮಗೆ ಸಂಕೋಚವೇ. ಆದರೆ ಆ ನಾಡಿನಲ್ಲಿ ತಾಯಿಯಾದವಳು ಹಾಗೆ ಮಾಡಿದರೆ ನೋಡಿದ ಗಂಡಸಿಗೆ ಶಾಪ ತಟ್ಟುತ್ತದೆ ಎಂದು ನಂಬುತ್ತಾರೆ. ಬಂದವರು ಹಿಂದೆ ಸರಿದರು. ಮಧ್ಯಸ್ಥಿಕೆ ವಹಿಸಿದ್ದ ನೈಜೀರಿಯಾದ ಮಾಜಿ ಆಡಳಿತಗಾರ ಅಬ್ದುಸ್ಸಲಾಮಿ ಅಬೂಬಕರ್ ಹೆಂಗಸರ ಪರ ನಿಂತರು. ಅವರನ್ನು ದಾಟಿ ಹೊರಡಲು ನೋಡಿದ ನಾಯಕನಿಗೆ ಬೈದು ಒಳಗೆ ಕಳಿಸಿದರು. ಅಂದಿನಿಂದ ಸಭೆಯ ವರಸೆ ಬದಲಾಯಿತು.

ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ದೇಶ ಬಿಟ್ಟ. 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಹುಡುಗನಿಗೆ ಇಷ್ಟು ಹೇಳಿದಾಗ ಅವನು ಬಿಡಲಿಲ್ಲ. "ಕೊಂದವರಿಗೆ ಶಿಕ್ಷೆ ಆಯ್ತಾ?" ಎಂದ. ಅಲ್ಲಿ ನಮ್ಮ ದನಿ ಸ್ವಲ್ಪ ತಗ್ಗಿತು. 2012ರಲ್ಲಿ ಟೇಲರನಿಗೆ 50 ವರ್ಷ ಜೈಲು ಆಯಿತು, ನಿಜ. ಆದರೆ ಅದು ಪಕ್ಕದ ಸಿಯೆರಾ ಲಿಯೋನ್ ದೇಶದಲ್ಲಿ ನಡೆದ ಅಪರಾಧಗಳಿಗೆ. ಲೈಬೀರಿಯಾದ ಸತ್ತವರಿಗಾಗಿ ಅಲ್ಲ. ಅವರಿಗಾಗಿ ವಿಶೇಷ ನ್ಯಾಯಾಲಯ ಸ್ಥಾಪಿಸುವ ಕಚೇರಿಯೊಂದನ್ನು ತೆರೆಯಲು ಅಲ್ಲಿನ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದು 2024ರ ಮೇ ತಿಂಗಳಲ್ಲಿ. ಹೆಂಗಸರು ಆ ಮೈದಾನದಲ್ಲಿ ಕೂತು ಆಗಲೇ 21 ವರ್ಷ ಕಳೆದಿತ್ತು.